ತಲೆಗೆ ತಕ್ಕ ದಿಂಬು

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ನಮ್ಮ ಗಾದೆ. ಕಾಲಿನ ವಿಷಯದಲ್ಲಿ ಇಷ್ಟು ಎಚ್ಚರಿಕೆ ಕೊಟ್ಟ ಹಿರಿಯರು ತಲೆಯ ವಿಷಯದಲ್ಲಿ ಸುಮ್ಮನಾದರು. ಇತಿಹಾಸಕಾರರೂ ಹೀಗೆಯೇ. ಅರಸರ ಸಿಂಹಾಸನ, ಆಯುಧ, ಆಭರಣಗಳನ್ನು ಅವರು ವರ್ಣಿಸುತ್ತಾರೆ, ಮಂಚಗಳನ್ನೂ ಬಿಡುವುದಿಲ್ಲ. ಆ ಮಂಚದ ತಲೆದೆಸೆಯಲ್ಲಿದ್ದ ದಿಂಬು ಮಾತ್ರ ಅವರ ಕಣ್ಣಿಗೆ ಬೀಳುವುದು ಅಪರೂಪ. ಮಲಗಿದ್ದ ಕೃಷ್ಣನ ತಲೆದೆಸೆಯಲ್ಲಿ ಹೋಗಿ ಕುಳಿತ ದುರ್ಯೋಧನನ ಪಾಡೇ ದಿಂಬಿನ ಪಾಡೂ ಆಯಿತೆನ್ನಬೇಕು. ಕಣ್ತೆರೆದವನಿಗೆ ಮೊದಲು ಕಾಣುವವನು ಕಾಲ್ದೆಸೆಯಲ್ಲಿದ್ದವನೇ.

ಆದರೆ ಮನುಷ್ಯ ತನ್ನ ಆಯುಸ್ಸಿನ ಹೆಚ್ಚುಕಡಿಮೆ ಮೂರನೆಯ ಒಂದು ಪಾಲನ್ನು ನಿದ್ದೆಯಲ್ಲಿ ಕಳೆಯುತ್ತಾನೆ. ಆ ಹೊತ್ತಿನಲ್ಲೆಲ್ಲ ಅವನ ತಲೆಗೆ ಆಸರೆಯಾಗುವ ವಸ್ತು ಹೇಗಿರಬೇಕು ಎಂಬ ಪ್ರಶ್ನೆ ಸಣ್ಣದಲ್ಲ. ಈ ಪ್ರಶ್ನೆಯನ್ನು ಹಿಡಿದುಕೊಂಡು ಹಿಂದಿನ ಕಾಲದತ್ತ ನಡೆದಾಗ ನನಗೆ ಒಂದು ವಿಚಿತ್ರ ಕಂಡಿತು. ಹಲವು ನಾಡುಗಳಲ್ಲಿ, ಬಹುಕಾಲ, ಮನುಷ್ಯ ದಿಂಬನ್ನು ಆರಿಸಿಕೊಂಡದ್ದು ನಿದ್ದೆಯ ಸುಖಕ್ಕಾಗಿ ಅಲ್ಲ. ಕಟ್ಟಿದ ಕೂದಲು ಕೆಡದಿರಲೆಂದು, ಪರಲೋಕದಲ್ಲಿ ನೆರವಾಗಲೆಂದು, ಅಂತಸ್ತು ತಿಳಿಯಲೆಂದು ಆರಿಸಿಕೊಂಡ. ಕೊನೆಗೆ ನಿದ್ದೆ ಕೆಡಲೆಂದೂ ಆರಿಸಿಕೊಂಡ! ನಿದ್ದೆಗಾಗಿಯೇ ದಿಂಬು ಎಂಬ ಸರಳವಾದ ಮಾತನ್ನು ಒಪ್ಪಲು ಅವನಿಗೆ ಬಹಳ ಕಾಲ ಹಿಡಿಯಿತು. ಆ ಕಥೆಯನ್ನು ಸಂಗ್ರಹವಾಗಿ ಹೇಳುವುದು ಇಂದಿನ ನನ್ನ ಉದ್ದೇಶ.

ಮೊದಲು ಈಜಿಪ್ಟಿಗೆ ಹೋಗೋಣ. 1922ರಲ್ಲಿ ಹೋವರ್ಡ್ ಕಾರ್ಟರ್ ಎಂಬ ಆಂಗ್ಲ ವಿದ್ವಾಂಸ ದೊರೆ ಟುಟಾಂಕಾಮನ್‌ನ ಗೋರಿಯನ್ನು ಕಂಡುಹಿಡಿದ. ಕ್ರಿ.ಪೂ. 14ನೆಯ ಶತಮಾನದ ಆ ಗೋರಿಯಲ್ಲಿ ದೊರೆತ ಅಸಂಖ್ಯ ವಸ್ತುಗಳ ನಡುವೆ ಹಲವು ತಲೆಯಾನಿಕೆಗಳೂ ಇದ್ದವು. ದಿಂಬು ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಮೆತ್ತನೆಯ ವಸ್ತುವಲ್ಲ ಅದು. ಕೆಳಗೊಂದು ಪೀಠ, ಅದರ ಮೇಲೊಂದು ಕಂಬ, ಕಂಬದ ಮೇಲೆ ಬಿದಿಗೆಯ ಚಂದ್ರನಂತೆ ಬಾಗಿದ ಒಂದು ಹಿಡಿಕೆ. ಕುತ್ತಿಗೆಯನ್ನು ಆ ಬಾಗಿನಲ್ಲಿಟ್ಟು ಮಲಗಬೇಕು. ತಲೆ ಹಾಸಿಗೆಯನ್ನು ಮುಟ್ಟದೆ ಗಾಳಿಯಲ್ಲಿ ನಿಲ್ಲುತ್ತದೆ. ಮರ, ಕಲ್ಲು, ದಂತಗಳಲ್ಲಿ ಇವನ್ನು ಕಡೆಯುತ್ತಿದ್ದರು. ಟುಟಾಂಕಾಮನ್‌ನ ದಂತದ ತಲೆಯಾನಿಕೆಯಲ್ಲಿ ನಡುವಿನ ಕಂಬದ ಬದಲು ಮಂಡಿಯೂರಿದ ಒಬ್ಬ ದೇವತೆಯಿದ್ದಾನೆ. ಅವನು ಶು, ಭೂಮಿಯಿಂದ ಆಕಾಶವನ್ನು ಮೇಲೆತ್ತಿ ಹಿಡಿದ ವಾಯುದೇವ. ಇಕ್ಕೆಲದಲ್ಲಿ ಎರಡು ಸಿಂಹಗಳು ಮಲಗಿವೆ. ಆಕಾಶವನ್ನು ಹೊತ್ತ ಕೈಗಳೇ ಅರಸನ ತಲೆಯನ್ನೂ ಹೊರುತ್ತವೆ ಎಂಬುದು ಅಲ್ಲಿನ ಭಾವ.

ಬದುಕಿದ್ದವರು ಇದನ್ನು ಬಳಸುತ್ತಿದ್ದರು. ಆದರೆ ಇದರ ಮಹಿಮೆಯೆಲ್ಲ ಸತ್ತವರ ಪಾಲಿನದು. ಈಜಿಪ್ಟಿನವರ ‘ಮೃತರ ಪುಸ್ತಕ’ದಲ್ಲಿ 166ನೆಯ ಮಂತ್ರ ತಲೆಯಾನಿಕೆಗೆಂದೇ ಮೀಸಲಾದದ್ದು. ಸತ್ತವನ ತಲೆ ಅವನಿಂದ ಬೇರೆಯಾಗದಿರಲಿ, ಅವನು ಮತ್ತೆ ತಲೆಯೆತ್ತಲಿ ಎಂಬುದು ಅದರ ಆಶಯ. ಎರಡು ಬೆಟ್ಟಗಳ ನಡುವೆ ಸೂರ್ಯ ಹುಟ್ಟುವಂತೆ, ಬಾಗಿದ ಆನಿಕೆಯ ನಡುವಿನಿಂದ ತಲೆ ಏಳಬೇಕು. ಟುಟಾಂಕಾಮನ್‌ನ ಶವದ ತಲೆಯ ಬಳಿ ಕಬ್ಬಿಣದ ಒಂದು ಪುಟ್ಟ ತಲೆಯಾನಿಕೆ ತಾಯಿತದಂತೆ ಇತ್ತು. ಆ ಕಬ್ಬಿಣ ನೆಲದ ಅದಿರಿನಿಂದ ಬಂದದ್ದಲ್ಲ, ಆಕಾಶದಿಂದ ಬಿದ್ದ ಉಲ್ಕೆಯದು ಎಂದು 2017ರಲ್ಲಿ ಪ್ರಕಟವಾದ ರಾಸಾಯನಿಕ ಪರೀಕ್ಷೆಯೊಂದು ತೋರಿಸಿತು. ಮನುಷ್ಯ ನಕ್ಷತ್ರಲೋಕದ ಲೋಹದಿಂದ ದಿಂಬು ಮಾಡಿದ. ಅದರ ಮೇಲೆ ಒಂದು ರಾತ್ರಿಯೂ ಯಾರೂ ಮಲಗಲಿಲ್ಲ.

ಈ ಎತ್ತರದ ತಲೆಯಾನಿಕೆ ಈಜಿಪ್ಟಿನೊಡನೆ ಮುಗಿದುಹೋಗಲಿಲ್ಲ. ಆಫ್ರಿಕದ ಅನೇಕ ಜನಾಂಗಗಳಲ್ಲಿ ಅದು ನಮ್ಮ ಕಾಲದವರೆಗೂ ನಡೆದುಬಂದಿದೆ. ಕೀನ್ಯದ ತುರ್ಕಾನ ಗಂಡಸರು ಪುಟ್ಟ ಮಣೆಯಂಥ ಒಂದು ಮರದ ಆನಿಕೆಯನ್ನು ಹೋದಲ್ಲಿಗೆಲ್ಲ ಒಯ್ಯುತ್ತಿದ್ದರು. ಹಗಲು ಕುಳಿತುಕೊಳ್ಳಲು ಅದೇ, ರಾತ್ರಿ ತಲೆಗೂ ಅದೇ. ಬಣ್ಣದ ಮಣ್ಣು ಮೆತ್ತಿ ಕಟ್ಟಿದ ಅವರ ಕೇಶರಚನೆ ನೆಲಕ್ಕೆ ತಾಗಿ ಕೆಡಬಾರದು. ಜಿಂಬಾಬ್ವೆಯ ಶೋನಾ ಜನರಲ್ಲಿ ಇದಕ್ಕೆ ಇನ್ನೂ ಆಳವಾದ ಅರ್ಥವಿತ್ತು. ಅದರ ಮೇಲೆ ತಲೆಯಿಟ್ಟು ಮಲಗಿದವನು ಕನಸಿನಲ್ಲಿ ತನ್ನ ಪೂರ್ವಿಕರ ಬಳಿಗೆ ಹೋಗಿಬರುತ್ತಾನೆಂದು ಅವರು ನಂಬಿದ್ದರು.

ಕೂದಲಿಗಾಗಿ ಕುತ್ತಿಗೆಯನ್ನು ದಂಡಿಸಿದ ಇನ್ನೊಂದು ನಾಡು ಜಪಾನು. ಅಲ್ಲಿಯ ಸಾಹಿತ್ಯದಲ್ಲಿ ದಿಂಬಿಗೆ ದೊಡ್ಡ ಸ್ಥಾನವಿದೆ. ಕ್ರಿ.ಶ. 1000ದ ಸುಮಾರಿಗೆ ಅರಮನೆಯಲ್ಲಿ ಸಖಿಯಾಗಿದ್ದ ಸೇಯಿ ಶೋನಾಗೊನ್ ಬರೆದಿಟ್ಟ ಟಿಪ್ಪಣಿಗಳ ಕೃತಿಗೆ ‘ದಿಂಬಿನ ಪುಸ್ತಕ’ವೆಂದೇ ಹೆಸರು. ರಾಣಿಗೆ ಕಾಗದದ ಒಂದು ಕಂತೆ ಕಾಣಿಕೆಯಾಗಿ ಬಂತಂತೆ. ಇದನ್ನೇನು ಮಾಡೋಣವೆಂದು ಆಕೆ ಕೇಳಿದಾಗ, ದಿಂಬು ಮಾಡಿಕೊಳ್ಳಬಹುದು ಎಂದಳಂತೆ ಈ ಚತುರೆ. ಕಂತೆ ಅವಳಿಗೇ ದಕ್ಕಿತು. ಜಪಾನೀ ಕಾವ್ಯದಲ್ಲಿ ‘ದಿಂಬಿನ ಮಾತು’ ಎಂಬ ಒಂದು ಅಲಂಕಾರವೂ ಇದೆ. ಒಂದು ಪದದ ಹಿಂದೆ ರೂಢಿಯಾಗಿ ಬರುವ ವಿಶೇಷಣ ಅದು. ಮುಂದಿನ ಪದ ಅದರ ಮೇಲೆ ತಲೆಯೊರಗಿಸಿದಂತೆ ನಿಲ್ಲುತ್ತದೆ.

ಸಾಹಿತ್ಯದಲ್ಲಿ ಇಷ್ಟು ಕೋಮಲವಾದ ದಿಂಬು ಮಲಗುವ ಮನೆಯಲ್ಲಿ ಹಾಗಿರಲಿಲ್ಲ. 17ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಶೋಗುನ್‌ರ ಆಡಳಿತದ ಕಾಲದಲ್ಲಿ ಗಂಡಸರು ಜುಟ್ಟನ್ನೂ ಹೆಂಗಸರು ಎತ್ತರದ ತುರುಬನ್ನೂ ಕಟ್ಟುತ್ತಿದ್ದರು. ಅವು ಕೆಡದಿರಲೆಂದು ಪೆಟ್ಟಿಗೆಯಂಥ ಎತ್ತರದ ಗಟ್ಟಿ ದಿಂಬುಗಳನ್ನು ಬಳಸಿದರು. ಆ ಕಾಲದಲ್ಲೇ ಅಲ್ಲೊಂದು ತಿಳಿವಳಿಕೆಯ ಮಾತು ಹುಟ್ಟಿಕೊಂಡಿತ್ತು: ನಾಲ್ಕು ಅಂಗುಲದ ದಿಂಬು ಹಾಯೆನಿಸೀತು, ಆಯುಸ್ಸಿಗೆ ಮೂರು ಅಂಗುಲವೇ ಲೇಸು ಎಂದು. ಅವರ ಅಂಗುಲದ ಲೆಕ್ಕದಲ್ಲಿ ಮೂರೆಂದರೆ ಸುಮಾರು 9 ಸೆಂಟಿಮೀಟರು, ನಾಲ್ಕೆಂದರೆ 12. ಇದನ್ನು ಮುದುಕರ ಮಾತೆಂದು ತಳ್ಳಿಹಾಕುವಂತಿಲ್ಲ. 2024ರಲ್ಲಿ ಒಸಾಕಾ ಪ್ರಾಂತದ ರಾಷ್ಟ್ರೀಯ ಮೆದುಳು ಮತ್ತು ಹೃದಯರೋಗ ಕೇಂದ್ರದ ವೈದ್ಯರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಕುತ್ತಿಗೆಯ ಹಿಂಭಾಗದಲ್ಲಿ ಮೆದುಳಿಗೆ ರಕ್ತವನ್ನೊಯ್ಯುವ ನಾಳದ ಒಳಪದರ ತಾನಾಗಿ ಸೀಳಿ, ಅದರಿಂದ ಪಾರ್ಶ್ವವಾಯು ತಟ್ಟುವುದುಂಟು. ಹೀಗಾದ ರೋಗಿಗಳಲ್ಲಿ 12 ಸೆಂಟಿಮೀಟರು ಅಥವಾ ಅದಕ್ಕೂ ಎತ್ತರದ ದಿಂಬು ಬಳಸುತ್ತಿದ್ದವರ ಪ್ರಮಾಣ ಇತರ ರೋಗಿಗಳಲ್ಲಿರುವುದಕ್ಕಿಂತ ಹೆಚ್ಚಾಗಿತ್ತು. ದಿಂಬು ಗಟ್ಟಿಯಾಗಿದ್ದಷ್ಟೂ ಈ ನಂಟು ಬಲವಾಗಿತ್ತು. ಹಳೆಯ ಚರಿತ್ರೆಯನ್ನು ನೆನೆದು ಅವರು ಇದಕ್ಕೆ ಶೋಗುನ್ ದಿಂಬಿನ ರೋಗಲಕ್ಷಣವೆಂದು ಹೆಸರಿಟ್ಟರು. ಎತ್ತರದ ದಿಂಬು ಬಳಸಿದವರಿಗೆಲ್ಲ ಹೀಗಾಗುತ್ತದೆಂದು ಇದರ ಅರ್ಥವಲ್ಲ. ಈ ಕಾಯಿಲೆ ವಿರಳವಾದದ್ದು. ಆದರೂ ಮೂರಂಗುಲ ನಾಲ್ಕಂಗುಲದ ಆ ಹಳೆಯ ಮಾತು ಇಂದಿನ ವೈದ್ಯರ ಅಳತೆಪಟ್ಟಿಯ ಮೇಲೆ ಬಂದು ನಿಂತದ್ದು ನನಗೆ ಅಚ್ಚರಿಯೆನಿಸಿತು.

ಚೀನಾ ದೇಶದವರು ದಿಂಬನ್ನು ಪಿಂಗಾಣಿಯಲ್ಲಿ ಮಾಡಿದರು. ಆರು-ಏಳನೆಯ ಶತಮಾನಗಳ ಸುಯಿ ಅರಸರ ಕಾಲದಲ್ಲಿ ತೊಡಗಿದ ಈ ಪದ್ಧತಿ ತಾಂಗ್ ಕಾಲದಲ್ಲಿ ಬೆಳೆದು, 960ರಿಂದ 1279ರವರೆಗಿನ ಸುಂಗ್ ಕಾಲದಲ್ಲಿ ತುತ್ತತುದಿಗೇರಿತು. ಬೇಸಗೆಯ ಸೆಕೆಯಲ್ಲಿ ಪಿಂಗಾಣಿ ಕುತ್ತಿಗೆಗೆ ತಂಪು. ಕಲಾವಿದರಿಗೂ ಅದೊಂದು ಒಳ್ಳೆಯ ಫಲಕವಾಯಿತು. ಹುಲಿ, ಹೂವು, ಆಡುವ ಮಕ್ಕಳು ಮಾತ್ರವಲ್ಲ, ಇಡೀ ಕವಿತೆಗಳನ್ನೇ ದಿಂಬಿನ ಮೇಲೆ ಬರೆದರು. ಮಗುಚಿ ಮಲಗಿರುವ ಮಗುವಿನ ಆಕಾರದ ಬಿಳಿ ಪಿಂಗಾಣಿಯ ದಿಂಬು ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಅದರ ಬೆನ್ನೇ ತಲೆಯಿಡುವ ಜಾಗ.

ತಾಂಗ್ ಕಾಲದ ಶೆನ್ ಜೀಜೀ ಎಂಬ ಕಥೆಗಾರ ಇಂಥದೇ ದಿಂಬಿನ ಮೇಲೆ ಒಂದು ಕಥೆ ಕಟ್ಟಿದ್ದಾನೆ. ಹಾನ್‌ದಾನ್ ಊರಿನ ದಾರಿಯ ಒಂದು ಛತ್ರ. ತನ್ನ ಬಡತನವನ್ನು ಹಳಿದುಕೊಳ್ಳುತ್ತಿದ್ದ ಒಬ್ಬ ಯುವಕನಿಗೆ ಅಲ್ಲಿದ್ದ ವೃದ್ಧ ಸಾಧಕ ತನ್ನ ಪಿಂಗಾಣಿಯ ದಿಂಬನ್ನು ಕೊಡುತ್ತಾನೆ. ಛತ್ರದವನು ಒಲೆಯ ಮೇಲೆ ನವಣೆಯ ಅನ್ನಕ್ಕಿಟ್ಟಿದ್ದಾನೆ. ದಿಂಬಿನ ತುದಿಯ ತೂತಿನೊಳಗೆ ಬೆಳಕು ಕಂಡು ಯುವಕ ಒಳಹೊಗುತ್ತಾನೆ. ಮದುವೆ, ಪದವಿ, ಸೆರೆ, ಮತ್ತೆ ಪದವಿ, ಮಕ್ಕಳು, ಮೊಮ್ಮಕ್ಕಳು, ಮುಪ್ಪು, ಸಾವು ಎಲ್ಲವನ್ನೂ ಕಂಡು ಕಣ್ತೆರೆದರೆ ಅನ್ನ ಇನ್ನೂ ಬೆಂದಿಲ್ಲ. ಮಾಯೆಯ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದು ಹೊಸತೆನಿಸುವುದಿಲ್ಲ. ಆದರೆ ಮಾಯೆಯ ಬಾಗಿಲನ್ನು ದಿಂಬಿನಲ್ಲಿಟ್ಟ ಜಾಣ್ಮೆ ಆ ಕಥೆಗಾರನದೇ.

ಇಷ್ಟೂ ದಿಂಬುಗಳು ಗಟ್ಟಿ. ಇನ್ನು ಹೇಳುವ ಮೂರು ದಿಂಬುಗಳು ಬರಿಯ ಮರದ ಕೊರಡುಗಳು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಾಲಗಳಲ್ಲಿ ಈ ಕೊರಡನ್ನು ಜನ ಹೊಗಳಿದ್ದಾರೆ. ಅದು ಯಾಕೆ ಎಂಬುದೇ ಈ ಚರಿತ್ರೆಯ ಮರ್ಮ.

ಮೊದಲನೆಯದು ವೈಶಾಲಿಯ ಕೊರಡು. ಪಾಲಿಯ ಸಂಯುತ್ತ ನಿಕಾಯದಲ್ಲಿ ಬುದ್ಧ ಭಿಕ್ಷುಗಳಿಗೆ ಹೀಗೆ ಹೇಳಿದನೆಂದಿದೆ: ಲಿಚ್ಛವಿಗಳು ಈಗ ಮರದ ಕೊರಡಿನ ಮೇಲೆ ತಲೆಯಿಟ್ಟು ಮಲಗುತ್ತಾರೆ, ಅಭ್ಯಾಸದಲ್ಲಿ ಮೈಮರೆಯದೆ ಇದ್ದಾರೆ, ಆದಕಾರಣ ಮಗಧದ ಅಜಾತಶತ್ರುವಿಗೆ ಅವರ ಮೇಲೆ ಬೀಳಲು ಸಂದು ಸಿಗುತ್ತಿಲ್ಲ. ಮುಂದೊಂದು ದಿನ ಅವರು ಸುಕುಮಾರರಾಗಿ, ಮೆತ್ತನೆಯ ಹಾಸಿಗೆಯಲ್ಲಿ ಅರಳೆಯ ದಿಂಬಿಟ್ಟುಕೊಂಡು ಹೊತ್ತೇರುವವರೆಗೆ ಮಲಗುವರು. ಆಗ ಅವನಿಗೆ ಸಂದು ಸಿಗುವುದು. ಗಣರಾಜ್ಯವಾಗಿದ್ದ ವೈಶಾಲಿ ಕೊನೆಗೆ ಮಗಧದ ಕೈವಶವಾದದ್ದು ಚರಿತ್ರೆ ಬಲ್ಲ ಸಂಗತಿ.

ಎರಡನೆಯದು ಚೀನಾದ ಮಹಾ ಇತಿಹಾಸಕಾರ ಸಿಮಾ ಗ್ವಾಂಗನ ಕೊರಡು. 1019ರಿಂದ 1086ರವರೆಗೆ ಬದುಕಿದ್ದ ಈತ 1362 ವರ್ಷಗಳ ಚರಿತ್ರೆಯನ್ನು 294 ಭಾಗಗಳಲ್ಲಿ ಬರೆದು 1084ರಲ್ಲಿ ಮುಗಿಸಿದ. ಅವನು ದುಂಡನೆಯ ಮರದ ತುಂಡನ್ನು ದಿಂಬು ಮಾಡಿಕೊಂಡಿದ್ದನೆಂದು ಪ್ರತೀತಿ. ನಿದ್ದೆ ಗಾಢವಾಗಿ ಮೈ ಹೊರಳಿದೊಡನೆ ತುಂಡು ಉರುಳುತ್ತದೆ, ತಲೆ ಹಾಸಿಗೆಗೆ ಬಡಿಯುತ್ತದೆ, ಎಚ್ಚರವಾಗುತ್ತದೆ. ಎದ್ದು ಮತ್ತೆ ಪುಸ್ತಕ ಹಿಡಿಯುತ್ತಿದ್ದ. ಅದಕ್ಕೆ ‘ಎಚ್ಚರದ ದಿಂಬು’ ಎಂದು ಹೆಸರು.

ಮೂರನೆಯದು ಇಂಗ್ಲೆಂಡಿನದು. 1577ರಲ್ಲಿ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ ತನ್ನ ದೇಶದ ವರ್ಣನೆಯನ್ನು ಬರೆದ. ತಮ್ಮ ಜೀವಮಾನದಲ್ಲಿ ಊರು ಎಷ್ಟು ಬದಲಾಯಿತೆಂದು ಹಳ್ಳಿಯ ಮುದುಕರು ಹೇಳಿದ್ದನ್ನು ಅವನು ಗುರುತಿಸಿಟ್ಟಿದ್ದಾನೆ. ಅವರಿಗೆ ಎದ್ದುಕಂಡ ಬದಲಾವಣೆಗಳು ಮೂರು: ಮನೆಮನೆಗೂ ಬಂದ ಹೊಗೆಗೂಡು, ಮರದ ತಟ್ಟೆ ಚಮಚಗಳ ಜಾಗದಲ್ಲಿ ಬಂದ ಲೋಹದ ಪಾತ್ರೆ, ಮತ್ತು ಹಾಸಿಗೆ. ತಮ್ಮ ತಂದೆಯರ ಕಾಲದಲ್ಲಿ ಹುಲ್ಲಿನ ಹಾಸಿನ ಮೇಲೆ, ತಲೆಯ ಕೆಳಗೆ ದುಂಡನೆಯ ಒಂದು ಕೊರಡಿಟ್ಟುಕೊಂಡು ಮಲಗುತ್ತಿದ್ದರಂತೆ. ಮೆತ್ತನೆಯ ದಿಂಬು ಬಾಣಂತಿಯರಿಗೆ ಮಾತ್ರ ತಕ್ಕದ್ದೆಂದು ಎಣಿಕೆಯಂತೆ.

ಈ ಮೂರು ಕೊರಡುಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದಾಗ ನನಗೆ ಹೊಳೆಯುವುದು ಇದು: ಗಟ್ಟಿದಿಂಬು ಭಯದ ಗುರುತು. ಲಿಚ್ಛವಿಗೆ ಶತ್ರುವಿನ ಭಯ, ಪಂಡಿತನಿಗೆ ಕಾಲ ಸರಿದುಹೋಗುವ ಭಯ. ಹ್ಯಾರಿಸನ್ನನ ರೈತನದು ಮೊದಲು ಬಡತನ. ಬಡತನವನ್ನೇ ಗಂಡಸುತನವೆಂದು ತಿಳಿದದ್ದು ಅನಂತರ. ಮೆತ್ತನೆಯದರಲ್ಲಿ ತಲೆಯಿಟ್ಟರೆ ಮನುಷ್ಯ ಮೆತ್ತಗಾಗುತ್ತಾನೆಂಬ ಅಂಜಿಕೆ ಬಹಳ ಹಳೆಯದು. ಅದು ಇಂದೂ ಹೋಗಿಲ್ಲ. ಕಡಿಮೆ ನಿದ್ದೆ ಮಾಡುವುದನ್ನು ಹಿರಿಮೆಯೆಂದು ಹೇಳಿಕೊಳ್ಳುವವರನ್ನು ನಾವು ದಿನವೂ ಕಾಣುತ್ತೇವೆ. ಅವರ ತಲೆಯ ಕೆಳಗಿರುವ ಹಂಸತೂಲಿಕೆಯಲ್ಲೂ ಒಂದು ಕೊರಡು ಅಡಗಿಯೇ ಇರುತ್ತದೆ.

ಆದರೆ ಕೊರಡಿನ ಉಪದೇಶ ಮಾಡಿದ ಬುದ್ಧನೇ ಇನ್ನೊಂದು ಕಡೆ ಬೇರೊಂದು ಮಾತು ಹೇಳಿದ್ದಾನೆ. ವಿನಯಪಿಟಕದ ಚುಲ್ಲವಗ್ಗದಲ್ಲಿ ಭಿಕ್ಷುಗಳಿಗೆ ಅರಳೆಯ ದಿಂಬನ್ನು ಅವನು ಅನುಮತಿಸುತ್ತಾನೆ. ಮರದ ಅರಳೆ, ಬಳ್ಳಿಯ ಅರಳೆ, ಹುಲ್ಲಿನ ಅರಳೆ ಎಂಬ ಮೂರು ಬಗೆಯನ್ನು ಹಿಂಜಿ ದಿಂಬು ಮಾಡಿಕೊಳ್ಳಬಹುದು. ಕೆಲವು ಭಿಕ್ಷುಗಳು ಅರ್ಧ ಮೈಯುದ್ದದ ದಿಂಬುಗಳನ್ನು ಮಾಡಿಕೊಂಡರು. ನೋಡಿದ ಜನ ಇವರೇನು ಭೋಗಿಗಳೇ ಎಂದು ಆಡಿಕೊಂಡರು. ಆಗ ಬುದ್ಧ ದಿಂಬನ್ನೇ ಬೇಡವೆನ್ನಲಿಲ್ಲ, ತಲೆಯಷ್ಟು ಇರಲಿ ಎಂದ. ಮಧ್ಯಮ ಮಾರ್ಗವೆಂಬುದನ್ನು ದೊಡ್ಡ ದೊಡ್ಡ ತತ್ತ್ವಗಳಲ್ಲಿ ಹುಡುಕುವ ನಮಗೆ ಅದು ಇಲ್ಲಿ ಒಂದು ದಿಂಬಿನ ಅಳತೆಯಲ್ಲಿ ಸಿಗುತ್ತದೆ. ಅಜಂತಾದ 26ನೆಯ ಗುಹೆಯಲ್ಲಿ, ಐದನೆಯ ಶತಮಾನದ ಶಿಲ್ಪಿ ಕಡೆದ ಮಹಾಪರಿನಿರ್ವಾಣದ ವಿಗ್ರಹ ಸುಮಾರು 7 ಮೀಟರು ಉದ್ದವಿದೆ. ಬಲಮಗ್ಗುಲಾಗಿ ಮಲಗಿದ ಆ ಬುದ್ಧನ ತಲೆಯ ಕೆಳಗೆ ಶಿಲ್ಪಿ ಒಂದು ದಿಂಬನ್ನಿಡಲು ಮರೆತಿಲ್ಲ.

ನಮ್ಮ ವೈದಿಕ ವಾಙ್ಮಯಕ್ಕೂ ದಿಂಬು ಅಪರಿಚಿತವಲ್ಲ. ಅಲ್ಲಿ ಅದರ ಹೆಸರು ಉಪಬರ್ಹಣ. ಕೌಷೀತಕಿ ಉಪನಿಷತ್ತು ಬ್ರಹ್ಮನ ಪರ್ಯಂಕವನ್ನು ವರ್ಣಿಸುವಾಗ ಅದರ ದಿಂಬಾಗಿ ಶ್ರೀಯನ್ನೇ ಕಲ್ಪಿಸಿದೆ. ಮುಂದೆ ನಮ್ಮ ನಾಡಿನಲ್ಲಿ, ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಭೋಗಗಳ ಸಾಲಿನಲ್ಲಿ ಶಯ್ಯೆಗೂ ಒಂದು ಸ್ಥಾನ ದೊರೆಯಿತು. ನಿದ್ದೆಯನ್ನು ಭೋಗವೆಂದು ಕಂಡದ್ದು ಒಂದು ದೃಷ್ಟಿ. ಆಯುರ್ವೇದದ್ದು ಇನ್ನೊಂದು ದೃಷ್ಟಿ. ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ಶರೀರದ ಮೂರು ಉಪಸ್ತಂಭಗಳೆಂದು ಚರಕಸಂಹಿತೆ ಹೇಳುತ್ತದೆ. ಉಪಸ್ತಂಭವೆಂದರೆ ಒತ್ತಾಸೆಯ ಕಂಬ. ಹಾಗೆ ನೋಡಿದರೆ ನಿದ್ದೆ ಆಲಸ್ಯವೂ ಅಲ್ಲ, ವಿಲಾಸವೂ ಅಲ್ಲ; ಮನೆ ಬೀಳದಂತೆ ಹಿಡಿದಿರುವ ಕಂಬ.

ದಿಂಬಿನ ಆಯ್ಕೆಯ ಬಗ್ಗೆ ನಮ್ಮಲ್ಲಿ ಬಂದಿರುವ ಅತ್ಯಂತ ಗಂಭೀರವಾದ ಸಂದರ್ಭ ಭೀಷ್ಮಪರ್ವದ್ದು. ಶರಶಯ್ಯೆಯಲ್ಲಿ ಭೀಷ್ಮನ ಮೈಯೆಲ್ಲ ಬಾಣಗಳ ಮೇಲಿದೆ, ತಲೆ ಮಾತ್ರ ಆಸರೆಯಿಲ್ಲದೆ ಜೋಲುತ್ತಿದೆ. ಅವನು ದಿಂಬು ಕೇಳುತ್ತಾನೆ. ಅರಸರು ಓಡಿಹೋಗಿ ಮೃದುವಾದ, ಬೆಲೆಬಾಳುವ ದಿಂಬುಗಳನ್ನು ತರುತ್ತಾರೆ. ಭೀಷ್ಮ ನಕ್ಕು ಬೇಡವೆಂದು ಅರ್ಜುನನ ಕಡೆ ನೋಡುತ್ತಾನೆ. ಅರ್ಜುನ ಕಣ್ಣೀರು ತುಂಬಿಕೊಂಡು ಮೂರು ಬಾಣಗಳನ್ನು ನೆಲಕ್ಕೆ ನೆಟ್ಟು ತಲೆಯನ್ನು ಎತ್ತಿ ನಿಲ್ಲಿಸುತ್ತಾನೆ. ಇದನ್ನು ವೀರರ ಕಠೋರತೆಯ ಕಥೆಯೆಂದು ನಾವು ಓದುತ್ತೇವೆ. ಕಥೆಯಲ್ಲಿ ಬೇರೊಂದು ಮಾತೂ ಇದೆ. ಅಂಥ ನೋವಿನಲ್ಲೂ ಆ ಮುದುಕ ತಲೆಗೊಂದು ಆಸರೆಯನ್ನು ಕೇಳಿದ, ಕೇಳುವುದಕ್ಕೆ ನಾಚಲಿಲ್ಲ. ತಂದವುಗಳನ್ನು ಬೇಡವೆಂದದ್ದು ಅವು ಮೃದುವಾಗಿದ್ದವೆಂದಲ್ಲ. ಅವನು ಮಲಗಿದ ಹಾಸಿಗೆಗೆ ಅವು ತಕ್ಕವಾಗಿರಲಿಲ್ಲ. ಹಾಸಿಗೆಗೆ ತಕ್ಕ ದಿಂಬು, ತಲೆಗೆ ತಕ್ಕ ಎತ್ತರ ಎಂಬ ಈ ‘ತಕ್ಕ’ ಎನ್ನುವ ಮಾತೇ ದಿಂಬಿನ ಶಾಸ್ತ್ರದ ಮೊದಲ ಸೂತ್ರವೆಂದು ನನ್ನ ಭಾವನೆ.

ನಮ್ಮ ಊರುಗಳಲ್ಲಿ ಈ ತಕ್ಕುದನ್ನು ಅಳೆದುಕೊಡುತ್ತಿದ್ದವರು ಪಿಂಜಾರರು. ನದಾಫರೆಂದೂ ಅವರಿಗೆ ಹೆಸರು. ಹತ್ತಿ ಹಿಂಜುವವನು ಎಂಬ ಅರ್ಥದ ಅರಬ್ಬೀ ಪದವದು. ಹೆಗಲ ಮೇಲೆ ಆಳುದ್ದದ ಬಿಲ್ಲು, ಕೈಯಲ್ಲಿ ಎರಡು ತುದಿಯೂ ದಪ್ಪಗಿರುವ ಮರದ ಹಿಡಿ. ಬೀದಿಯಲ್ಲಿ ನಡೆಯುತ್ತ ನರದ ಹುರಿಯನ್ನೊಮ್ಮೆ ಮಿಡಿದರೆ ಕೇರಿಗೆಲ್ಲ ಸುದ್ದಿಯಾಗುತ್ತಿತ್ತು. ಗಂಟುಕಟ್ಟಿದ ಹಳೆಯ ಹತ್ತಿಯ ರಾಶಿಯಲ್ಲಿ ಹುರಿಯನ್ನಿಟ್ಟು ಹಿಡಿಯಿಂದ ಹೊಡೆದಾಗ ಆ ಕಂಪನಕ್ಕೆ ಎಳೆಗಳು ಬಿಡಿಬಿಡಿಯಾಗಿ ಹಾರುತ್ತವೆ, ದೂಳೂ ಕಸವೂ ಕೆಳಗುದುರುತ್ತವೆ, ಎಳೆಗಳ ನಡುವೆ ಗಾಳಿ ಸೇರುತ್ತದೆ. ದಿಂಬಿನ ಮೆತ್ತಗೆ ಹತ್ತಿಯದಲ್ಲ, ಹತ್ತಿ ಹಿಡಿದಿಟ್ಟುಕೊಂಡ ಗಾಳಿಯದು. ಪಿಂಜಾರ ಅದೇ ಹಳೆಯ ಹತ್ತಿಗೆ ಹೊಸ ಉಸಿರು ತುಂಬಿ ಹೋಗುತ್ತಿದ್ದ. ಅಜ್ಜನ ದಿಂಬಿನ ಅರಳೆ ಮೊಮ್ಮಗನ ದಿಂಬಿಗೂ ಆಗುತ್ತಿತ್ತು. ಬೇಸಗೆಯಲ್ಲಿ ಕಾಯೊಡೆದು ಹಾರುವ ಬೂರುಗದ ಅರಳೆಯನ್ನೂ ದಿಂಬಿಗೆ ತುಂಬುತ್ತಿದ್ದರು. ಆ ನವಿರಾದ ಗಿಡ್ಡ ಎಳೆ ನೂಲಿಗೆ ಬಾರದು, ತಲೆಗೆ ಮಾತ್ರ ಬಹಳ ಹಿತ.

ಈ ಕಸುಬನ್ನು ಮೊದಲು ಹಿಂಜುವ ಯಂತ್ರ, ಆಮೇಲೆ ನೊರೆಯ ದಿಂಬು ಮೂಲೆಗೊತ್ತಿದವು. 1929ರಲ್ಲಿ ಬರ್ಮಿಂಗ್‌ಹ್ಯಾಮಿನ ಡನ್‌ಲಪ್ ಕಾರ್ಖಾನೆಯಲ್ಲಿ ರಬ್ಬರಿನ ಹಾಲನ್ನು ಕಡೆದು ನೊರೆಯೆಬ್ಬಿಸಿ ಗಟ್ಟಿಮಾಡುವ ವಿಧಾನವನ್ನು ಕಂಡುಕೊಂಡರು. 1937ರಲ್ಲಿ ಜರ್ಮನಿಯ ಒಟ್ಟೊ ಬಾಯರ್ ಪಾಲಿಯುರಿಥೇನ್ ರಸಾಯನಕ್ಕೆ ದಾರಿ ತೆರೆದ. ತಲೆಯ ಆಕಾರಕ್ಕೆ ನಿಧಾನವಾಗಿ ಬಾಗಿ ಮತ್ತೆ ಮೇಲೇಳುವ ‘ಮೆಮೊರಿ ಫೋಮ್’ ಹುಟ್ಟಿದ್ದು 1966ರಲ್ಲಿ, ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾದ ಕೆಲಸಕ್ಕಾಗಿ. ವಿಮಾನದ ಆಸನದಲ್ಲಿ ಕುಳಿತವರಿಗೆ ಪೆಟ್ಟು ತಾಗದಿರಲೆಂಬುದು ಅದರ ಉದ್ದೇಶ. ಇಲ್ಲೂ ನೋಡಿ, ಕಂಡುಹಿಡಿದದ್ದು ಎಚ್ಚರವಾಗಿ ಕುಳಿತವರಿಗೆ. ಮಲಗುವವರಿಗೆ ಬಂದದ್ದು ತಡವಾಗಿ.

ಹಾಗಾದರೆ ನಿದ್ದೆಗಾಗಿಯೇ ದಿಂಬನ್ನು ಆರಿಸುವುದು ಹೇಗೆ? ಅದರ ಉತ್ತರ ಕುತ್ತಿಗೆಯಲ್ಲಿದೆ. ಮನುಷ್ಯನ ಕುತ್ತಿಗೆಯಲ್ಲಿ ಏಳು ಮೂಳೆಗಳು. ಜಿರಾಫೆಯ ಕುತ್ತಿಗೆಯಲ್ಲೂ ಏಳೇ. ನೆಟ್ಟಗೆ ನಿಂತಾಗ ಆ ಏಳು ಮೂಳೆಗಳ ಸಾಲು ಮುಂದಕ್ಕೆ ತುಸು ಬಾಗಿರುತ್ತದೆ, ಅದರ ಮೇಲೆ 4ರಿಂದ 5 ಕಿಲೋ ತೂಕದ ತಲೆ ನಿಂತಿರುತ್ತದೆ. ಮಲಗಿದಾಗಲೂ ಆ ಸಹಜವಾದ ಬಾಗು ಹಾಗೆಯೇ ಉಳಿಯಬೇಕು. ದಿಂಬಿನ ಕೆಲಸ ಇಷ್ಟೇ: ತಲೆಗೂ ಹಾಸಿಗೆಗೂ ನಡುವಿನ ತೆರವನ್ನು ತುಂಬುವುದು. ಅಂಗಾತ ಮಲಗುವವರಿಗೆ ಆ ತೆರವು ಸಣ್ಣದು, ತಗ್ಗಾದ ದಿಂಬು ಸಾಕು. ಗಲ್ಲ ಎದೆಗೆ ತಾಗುವಂತಿದ್ದರೆ ದಿಂಬು ಎತ್ತರವಾಯಿತೆಂದು ತಿಳಿಯಬೇಕು. ಮಗ್ಗುಲಾಗಿ ಮಲಗುವವರಿಗೆ ಭುಜದ ಅಗಲದಷ್ಟು ತೆರವಿರುತ್ತದೆ. ಮೂಗು ಎದೆಯ ನಡುಮೂಳೆಯ ನೇರದಲ್ಲಿ ನಿಲ್ಲುವಷ್ಟು ಎತ್ತರ ಅವರಿಗೆ ಬೇಕು. ಬೋರಲು ಮಲಗುವ ಅಭ್ಯಾಸ ಬಿಡಲಾಗದವರಿಗೆ ತೆಳುವಾದದ್ದು ಲೇಸು, ಇಲ್ಲದಿದ್ದರೂ ಆದೀತು. ಹಾಸಿಗೆ ಮೆತ್ತಗಿದ್ದು ಮೈ ತಗ್ಗಿದರೆ ದಿಂಬೂ ತಗ್ಗಬೇಕು. ನೆಲದ ಮೇಲಿನ ಚಾಪೆಯಾದರೆ ಎತ್ತರ ತುಸು ಹೆಚ್ಚಬೇಕು. ಒಬ್ಬರ ಭುಜದಂತೆ ಇನ್ನೊಬ್ಬರದಿಲ್ಲ. ಮನೆಮಂದಿಗೆಲ್ಲ ಒಂದೇ ಅಳತೆಯ ದಿಂಬು ಕೊಳ್ಳುವುದು ಎಲ್ಲರಿಗೂ ಒಂದೇ ಅಳತೆಯ ಚಪ್ಪಲಿ ತಂದಂತೆ. ಇನ್ನು ಹಸುಗೂಸುಗಳ ವಿಷಯ. ತಲೆ ದುಂಡಗಾಗಲೆಂದು ಸಾಸಿವೆಯ ದಿಂಬಿಡುವ ರೂಢಿ ನಮ್ಮಲ್ಲಿದೆ. ಅದೂ ನಿದ್ದೆಗಲ್ಲ, ಅಂದಕ್ಕೆ! ಉಸಿರು ಕಟ್ಟುವ ಅಪಾಯವಿರುವುದರಿಂದ ಒಂದು ವರ್ಷ ತುಂಬುವವರೆಗೆ ಮಗುವಿಗೆ ಯಾವ ದಿಂಬೂ ಬೇಡವೆಂದು ಇಂದಿನ ಮಕ್ಕಳ ವೈದ್ಯರು ಹೇಳುತ್ತಾರೆ.

ದಿಂಬಿಲ್ಲದವರ ಮಾತನ್ನೂ ಆಡದೆ ಈ ಕಥೆ ಮುಗಿಯದು. ತೋಳನ್ನು ಮಡಿಸಿ ತಲೆಗಿಟ್ಟುಕೊಂಡರೆ ಸಾಕು, ಬೇರೆ ದಿಂಬೇಕೆ ಎಂಬ ಭಾವವನ್ನು ಚೀನಾದ ಕನ್‌ಫ್ಯೂಷಿಯಸ್ ಆಡಿದ್ದಾನೆ. ನಮ್ಮ ಭರ್ತೃಹರಿಯೂ ವೈರಾಗ್ಯಶತಕದಲ್ಲಿ ಆಡಿದ್ದಾನೆ. ಯಹೂದಿಗಳ ಪುರಾಣದಲ್ಲಿ, ಅಣ್ಣನಿಗೆ ಹೆದರಿ ಊರು ಬಿಟ್ಟ ಯಾಕೋಬ ಬಯಲಿನಲ್ಲಿ ಕಲ್ಲೊಂದನ್ನು ತಲೆದೆಸೆಗಿಟ್ಟು ಮಲಗಿ, ಸ್ವರ್ಗಕ್ಕೆ ಹಚ್ಚಿದ ಏಣಿಯನ್ನು ಕನಸಿನಲ್ಲಿ ಕಂಡ. ಸ್ಕಾಟ್ಲೆಂಡಿನ ದೊರೆಗಳ ಪಟ್ಟಾಭಿಷೇಕದ ಶಿಲೆ ಆ ಕಲ್ಲೇ ಎಂದು ಐತಿಹ್ಯವಿದೆ. 1296ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ಅದನ್ನು ಕೊಂಡೊಯ್ದ. ಏಳು ನೂರು ವರ್ಷಗಳ ಮೇಲೆ 1996ರಲ್ಲಿ ಅದು ಸ್ಕಾಟ್ಲೆಂಡಿಗೆ ಮರಳಿತು. 2023ರಲ್ಲಿ ಮೂರನೆಯ ಚಾರ್ಲ್ಸ್‌ನ ಪಟ್ಟಾಭಿಷೇಕಕ್ಕೆ ಮತ್ತೆ ಲಂಡನ್ನಿಗೆ ಹೋಗಿಬಂತು. ಅದು ಸ್ಕಾಟ್ಲೆಂಡಿನದೇ ಮರಳುಗಲ್ಲೆಂದು ಭೂವಿಜ್ಞಾನಿಗಳು ಹೇಳಿಯಾಗಿದೆ. ಆದರೂ ನೆಲೆಯಿಲ್ಲದವನ ದಿಂಬು ಅರಸರ ಪೀಠವಾಯಿತೆಂಬ ಕಲ್ಪನೆ ದೊಡ್ಡದು.

ದೊಡ್ಡದೇನೋ ಹೌದು. ಆದರೆ ಜ್ಞಾನಿಯ ತೋಳೂ ಕನಸುಗಾರನ ಕಲ್ಲೂ ಒಂದು ಬಗೆ. ದಾರಿಯಿಲ್ಲದವರ ತೋಳು, ಕಲ್ಲುಗಳೇ ಬೇರೆ ಬಗೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಗಾದೆ. ಸಂತೆಯಲ್ಲಿ, ರೈಲು ನಿಲ್ದಾಣದಲ್ಲಿ, ಕಟ್ಟುತ್ತಿರುವ ಮನೆಯ ಜಗಲಿಯಲ್ಲಿ ಮಲಗಿದವರನ್ನು ಹತ್ತಿರ ಹೋಗಿ ನೋಡಿದರೆ ಅವರ ತಲೆಯ ಕೆಳಗೆ ಬಟ್ಟೆಯ ಗಂಟೋ ಚೀಲವೋ ಇರುತ್ತದೆ. ಅದರಲ್ಲಿ ಅವರ ಸರ್ವಸ್ವವೂ ಇದೆ; ಯಾರಾದರೂ ಎಳೆದರೆ ಎಚ್ಚರವಾಗಲೆಂದು ತಲೆಯಡಿಗಿಟ್ಟಿದ್ದಾರೆ. ಚಿಂತೆ ಇಲ್ಲದವನ ನಿದ್ದೆಯಲ್ಲ ಅದು. ಸಿಮಾ ಗ್ವಾಂಗ್ ಬಯಸಿ ಪಡೆದ ಎಚ್ಚರದ ದಿಂಬನ್ನು ಅವರು ಬಯಸದೆ ಪಡೆದಿದ್ದಾರೆ. ಹೊರಗೇಕೆ, ನಮ್ಮ ಮನೆಗಳಲ್ಲೇ ಬಂದ ನೆಂಟರಿಗೆಲ್ಲ ದಿಂಬು ಹಂಚಿ, ಕೊನೆಯಲ್ಲಿ ಸೆರಗನ್ನು ಸುತ್ತಿ ತಲೆಗಿಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ಮಲಗಿದ ತಾಯಂದಿರು ಎಷ್ಟು ಮಂದಿಯೋ! ಬಾಣಂತನದಲ್ಲಿ ಮಾತ್ರ ಅವರಿಗೆ ಮೆತ್ತನೆಯದು ಸಲ್ಲುತ್ತದೆಂದ ಹ್ಯಾರಿಸನ್ನನ ಮುದುಕರು ಬಹಳ ದೂರದವರೆಂದು ನನಗೆ ಅನ್ನಿಸುವುದಿಲ್ಲ.

ದಿಂಬು ಎನ್ನುವಾಗಲೆಲ್ಲ ನನ್ನ ಕಿವಿಗೆ ‘ಇಂಬು’ ಎಂಬ ಹಳೆಯ ಮಾತೂ ಕೇಳಿಸುತ್ತದೆ. ಇಂಬು ಎಂದರೆ ಆಸರೆ, ಎಡೆ, ಹಿತ. ಮನೆಗೊಂದು ದಿಂಬು ಕೊಳ್ಳಹೋದಾಗ ನಮ್ಮ ಭುಜದ ಅಳತೆ, ಕುತ್ತಿಗೆಯ ಬಾಗು ಇವನ್ನು ಗಮನಿಸಿ ಆರಿಸೋಣ; ಮೂರಂಗುಲದ ಮಾತನ್ನು ನೆನಪಿಡೋಣ. ಕೊಂಡು ತಂದಮೇಲೆ ಮನೆಯಲ್ಲಿ ಇಂಬಿಲ್ಲದ ತಲೆ ಯಾವುದೆಂದು ಒಮ್ಮೆ ಎಣಿಸಿ ನೋಡೋಣ. ಶರಶಯ್ಯೆಯ ಮುದುಕನಂತೆ ಬಾಯಿಬಿಟ್ಟು ಕೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.